ಚೀನೀ ಕಷಾಯ, ಸೂಜಿ ಮತ್ತು ನಿಮ್ಮ ಕಟ್ಟಿದ ಮೂಗು

ಹಳೇ ಸೈನಸ್ ತೊಂದರೆಗೆ ಚೀನಾದ ಸಾಂಪ್ರದಾಯಿಕ ಔಷಧ ತಗೊಳ್ಳಬಹುದಾ ಅಂತ ಕೇಳಿ ಈ ಸಲ ಬಂದ ಪತ್ರಗಳೇ ಜಾಸ್ತಿ. ಹೆಚ್ಚಿನವು ಚೀನಾದಲ್ಲಿ ಕೆಲಸಕ್ಕೆಂದು ನೆಲೆಸಿರುವ ಕನ್ನಡಿಗರದ್ದು. ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಇದೊಂದೇ ವಿಷಯಕ್ಕೆ ಇಟ್ಟಿದ್ದೇನೆ.

ನಾನು ಕಿವಿ, ಮೂಗು, ಗಂಟಲಿನ ಡಾಕ್ಟರ್. ಓದಿದ್ದು ಅಲೋಪಥಿ. ಮನೆಯವರ ಕೆಲಸದ ಕಾರಣಕ್ಕೆ ಎರಡು ವರ್ಷ ಗ್ವಾಂಗ್‌ಝೌನಲ್ಲಿದ್ದೆ. ಆಗ ಅಲ್ಲಿನ ಒಂದು ಚೀನೀ ವೈದ್ಯ ಆಸ್ಪತ್ರೆಯ ಮೂಗಿನ ವಿಭಾಗದಲ್ಲಿ, ಹಿರಿಯ ವೈದ್ಯರೊಬ್ಬರ ಪಕ್ಕ ವಾರಕ್ಕೆರಡು ಬೆಳಿಗ್ಗೆ ಕೂತು ನೋಡುವ ಅವಕಾಶ ಸಿಕ್ಕಿತ್ತು. ನನಗೂ ಆಗ ಸೈನಸ್ ಕಾಟ ಇತ್ತು. ಆ ಕಷಾಯವನ್ನು ನಾನೂ ಕುಡಿದಿದ್ದೇನೆ. ಆದ್ದರಿಂದ ಎರಡೂ ಕಡೆಯಿಂದ ನೋಡಿ ಹೇಳುತ್ತಿದ್ದೇನೆ ಅಂದುಕೊಳ್ಳಿ.

ಪ್ರಶ್ನೆ: ಡಾಕ್ಟರೇ, ನನಗೆ 38 ವರ್ಷ. ಸುಝೌನಲ್ಲಿ ಸಾಫ್ಟ್‌ವೇರ್ ಕೆಲಸ. ಆರು ವರ್ಷದಿಂದ ಮೂಗು ಕಟ್ಟುತ್ತದೆ, ಗಂಟಲ ಹಿಂದೆ ಕಫ ಇಳಿಯುತ್ತದೆ, ಕೆನ್ನೆ ಭಾರ ಅನಿಸುತ್ತದೆ. ಆ್ಯಂಟಿಬಯೋಟಿಕ್ ನಾಲ್ಕು ಸುತ್ತು ಆಯಿತು. ಸ್ಟೀರಾಯ್ಡ್ ಸ್ಪ್ರೇಯನ್ನು ಹತ್ತು ದಿನ ಹಾಕಿದೆ, ಏನೂ ಆಗಲಿಲ್ಲ, ಬಿಟ್ಟೆ. ಜೊತೆ ಕೆಲಸ ಮಾಡುವವರೊಬ್ಬರು ಚೀನೀ ವೈದ್ಯರ ಹತ್ತಿರ ಕರೆದುಕೊಂಡು ಹೋದರು. ಅವರು ನಾಲಿಗೆ ನೋಡಿ, ನಾಡಿ ಹಿಡಿದು, 14 ದಿನದ ಕಷಾಯದ ಪೊಟ್ಟಣ ಕೊಟ್ಟಿದ್ದಾರೆ. ಚೀಟಿಯ ಫೋಟೋ ಕಳಿಸಿದ್ದೇನೆ. ಕುಡಿಯಲಾ?

ಉತ್ತರ: ಚೀಟಿ ಕಳಿಸಿದ್ದು ಬಹಳ ಒಳ್ಳೆಯದಾಯಿತು. ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಒಂದು ಕೇಳಬೇಕು. ಈ ಆರು ವರ್ಷದಲ್ಲಿ ಯಾರಾದರೂ ನಿಮ್ಮ ಮೂಗಿನೊಳಗೆ ಎಂಡೋಸ್ಕೋಪ್, ಅಂದರೆ ಒಳಗಿನದ್ದನ್ನು ತೋರಿಸುವ ಸಪೂರ ದರ್ಶಕ ಕೊಳವೆ, ಹಾಕಿ ನೋಡಿದ್ದಾರಾ? ಸಿ.ಟಿ. ಸ್ಕ್ಯಾನ್ ಆಗಿದೆಯಾ? ನಿಮ್ಮ ಪತ್ರದಲ್ಲಿ ಔಷಧಗಳ ಹೆಸರು ಒಂದೂ ಬಿಡದೆ ಇವೆ, ಮೂಗಿನೊಳಗೆ ಏನು ಕಂಡಿತು ಅನ್ನುವುದು ಮಾತ್ರ ಇಲ್ಲ. ಅದೇ ನನಗೆ ಚಿಂತೆ.

ಸೈನಸ್ ಅನ್ನುವುದು ರೋಗದ ಹೆಸರಲ್ಲ. ಮುಖದ ಮೂಳೆಯೊಳಗಿನ ಗಾಳಿಯ ಗೂಡುಗಳಿಗೆ ಸೈನಸ್ ಅಂತಾರೆ. ಕೆನ್ನೆ, ಹಣೆ, ಕಣ್ಣುಗಳ ನಡುವೆ, ಇನ್ನೂ ಹಿಂದೆ ತಲೆಬುರುಡೆಯ ತಳದಲ್ಲಿ, ಹೀಗೆ ನಾಲ್ಕು ಜೊತೆ. ಪ್ರತಿ ಗೂಡಿಗೂ ಮೂಗಿಗೆ ತೆರೆಯುವ ಸಣ್ಣ ಬಾಯಿ ಇದೆ, ಕೆಲವೇ ಮಿಲಿಮೀಟರ್ ಅಗಲದ್ದು. ಕೆನ್ನೆಯ ಗೂಡಿನ ಬಾಯಿ ತಳದಲ್ಲಿಲ್ಲ, ಮೇಲ್ಗಡೆ ಇದೆ! ಅಲ್ಲಿ ಊರಿದ ಸಿಂಬಳ ತಾನಾಗಿ ಇಳಿದು ಹೋಗುವ ಹಾಗಿಲ್ಲ. ಒಳಗೋಡೆಯ ತುಂಬ ಇರುವ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು ಅದನ್ನು ಮೇಲಕ್ಕೆ ತಳ್ಳಿ ತಳ್ಳಿ ಹೊರಗೆ ಹಾಕಬೇಕು. ಒಳಪೊರೆ ಊದಿಕೊಂಡು ಬಾಯಿ ಮುಚ್ಚಿತೋ, ರೋಮಗಳು ಸೋತವೋ, ಸಿಂಬಳ ಒಳಗೇ ನಿಂತು ಕೊಳೆಯುತ್ತದೆ.

ಹೀಗೆ 12 ವಾರ ದಾಟಿದರೆ ನಾವು ಅದನ್ನು ದೀರ್ಘಕಾಲದ ಸೈನಸೈಟಿಸ್ ಅನ್ನುತ್ತೇವೆ. ಆದರೆ ಊದಿಕೊಳ್ಳುವುದಕ್ಕೆ ಕಾರಣ ಒಂದೇ ಅಲ್ಲ. ಒಬ್ಬರಿಗೆ ಅಲರ್ಜಿ. ಇನ್ನೊಬ್ಬರಿಗೆ ಮೂಗಿನಲ್ಲಿ ಪಾಲಿಪ್, ಅಂದರೆ ಜನ ದುರ್ಮಾಂಸ ಅನ್ನುತ್ತಾರಲ್ಲ, ಅದು. ಮತ್ತೊಬ್ಬರಿಗೆ ಮೇಲಿನ ದವಡೆಹಲ್ಲಿನ ಬೇರು ಕೊಳೆತು ಕೆನ್ನೆಯ ಗೂಡಿಗೆ ಕೀವು ತುಂಬಿರುತ್ತದೆ. ಅವರು ವರ್ಷಗಟ್ಟಲೆ ಏನು ಕುಡಿದರೂ ಹಲ್ಲು ಸರಿಯಾಗದೆ ಮೂಗು ಸರಿಯಾಗುವುದಿಲ್ಲ.

ಗ್ವಾಂಗ್‌ಝೌನ ಆ ಹಿರಿಯ ವೈದ್ಯರಿಂದ ನಾನು ಕಲಿತ ಮುಖ್ಯ ಪಾಠವೂ ಇದೇ. ಅವರ ಮೇಜಿನ ಮೇಲೆ ಅಂಗೈಯಷ್ಟು ಪುಟ್ಟ ಬಟ್ಟೆಯ ದಿಂಬು ಇರುತ್ತಿತ್ತು. ರೋಗಿ ಅದರ ಮೇಲೆ ಮಣಿಕಟ್ಟು ಇಡಬೇಕು. ಅವರು ಮೂರು ಬೆರಳು ಇಟ್ಟು, ತಲೆ ಸ್ವಲ್ಪ ವಾಲಿಸಿ, ಸುಮ್ನೆ ಕೂರುತ್ತಿದ್ದರು. ಆಮೇಲೆ ಪ್ರಶ್ನೆಗಳು. ಸಿಂಬಳ ಹಳದಿಯೋ ಬಿಳಿಯೋ? ಅಂಟೋ ನೀರೋ? ಬೆಳಿಗ್ಗೆ ಜಾಸ್ತಿಯೋ ರಾತ್ರಿಯೋ? ಕಾಲು ತಣ್ಣಗಿರುತ್ತವಾ? ಹಸಿವು ಹೇಗಿದೆ? ಕೊನೆಗೆ ನಾಲಿಗೆ. ಇಷ್ಟು ಮುಗಿದ ಮೇಲೆ ಎದ್ದು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ, ನಾನು ಬಳಸುವಂಥದ್ದೇ ಎಂಡೋಸ್ಕೋಪನ್ನು ಮೂಗಿಗೆ ಹಾಕಿ ಪರದೆಯ ಮೇಲೆ ನೋಡುತ್ತಿದ್ದರು. ಚೀನಾದ ದೊಡ್ಡ ಚೀನೀ ವೈದ್ಯ ಆಸ್ಪತ್ರೆಗಳಲ್ಲಿ ಇದು ದಿನನಿತ್ಯದ ಕೆಲಸ. ಸಿ.ಟಿ. ಕೂಡ ಅಲ್ಲೇ ಇರುತ್ತದೆ.

ಒಂದು ಬೆಳಿಗ್ಗೆ ಅರವತ್ತು ದಾಟಿದ ಒಬ್ಬರು ಬಂದರು. ಮೂಗಿನ ಎಡಗಡೆ ಮಾತ್ರ ಕಟ್ಟಿತ್ತು. ಅದೇ ಕಡೆಯಿಂದ ಆಗಾಗ ರಕ್ತ ಬೆರೆತ ಸಿಂಬಳ. ಕಷಾಯ ಕೊಡಿ ಅಂತ ಕೇಳಿದರು. ವೈದ್ಯರು ನಾಡಿ ಹಿಡಿದ ಕೈಯನ್ನು ಬಿಟ್ಟು, ಚೀಟಿ ಬರೆಯದೆ, ತಾವೇ ಶಸ್ತ್ರಚಿಕಿತ್ಸೆಯ ವಿಭಾಗಕ್ಕೆ ಫೋನ್ ಮಾಡಿದರು. ಒಂದೇ ಕಡೆ ಕಟ್ಟುವ ಮೂಗು, ಒಂದೇ ಕಡೆಯ ರಕ್ತ, ಒಂದೇ ಕಡೆಯ ಕೆಟ್ಟ ವಾಸನೆ, ಇವಕ್ಕೆ ಕಷಾಯ ಕೊಟ್ಟು ಕಾಯಬಾರದು ಅಂತ ನನ್ನ ಕಡೆ ತಿರುಗಿ ಹೇಳಿದರು. ಗಡ್ಡೆ ಇರಬಹುದು, ಫಂಗಸ್ ಇರಬಹುದು. ಈ ಮಾತಿನಲ್ಲಿ ಅವರ ವಿದ್ಯೆಗೂ ನನ್ನ ವಿದ್ಯೆಗೂ ಒಂದಿಷ್ಟೂ ಭೇದ ಇರಲಿಲ್ಲ.

ಈಗ ಚೀಟಿಗೆ ಬರೋಣ. ಚೀನೀ ವೈದ್ಯದಲ್ಲಿ ಈ ಕಾಯಿಲೆಗೆ ಬೀ ಯುವಾನ್ ಅಂತ ಹೆಸರು. ಮೂಗಿನ ಮಡು ಅಂತ ಅರ್ಥ. ಸುಮಾರು ಎರಡು ಸಾವಿರ ವರ್ಷ ಹಳೆಯ ಹುವಾಂಗ್‌ದಿ ನೈಜಿಂಗ್ ಅನ್ನುವ ಚೀನೀ ವೈದ್ಯಗ್ರಂಥದಲ್ಲಿ, ಕೊಳಕು ಸಿಂಬಳ ನಿಲ್ಲದೆ ಸುರಿಯುವುದೇ ಬೀ ಯುವಾನ್ ಅಂತ ಬರೆದಿದೆ. ಪಿತ್ತಕೋಶದ ಕಾವು ಮೆದುಳಿಗೆ ಏರಿದ್ದರಿಂದ ಹೀಗಾಗುತ್ತದೆ ಅಂತ ಅವರ ವಿವರಣೆ. ದೇಹ ಕೆಲಸ ಮಾಡುವುದು ಹಾಗಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಆದರೆ ರೋಗಿಯ ಪಾಡನ್ನು ಅವರು ಕಂಡ ರೀತಿ ಇದೆಯಲ್ಲ, ಅದು ಚೆನ್ನಾಗಿದೆ. ನಿಂತ ನೀರಿನ ಮಡು ಅನ್ನುವುದಕ್ಕಿಂತ ಸರಿಯಾದ ಹೆಸರು ನನಗೂ ಹೊಳೆಯುವುದಿಲ್ಲ.

ನಿಮ್ಮ ಚೀಟಿಯಲ್ಲಿ ಒಂಬತ್ತು ಹೆಸರುಗಳಿವೆ. ಅದರ ಬೆನ್ನೆಲುಬು ನಾಲ್ಕು: ಶಿನ್ ಯಿ, ತ್ಸಾಂಗ್ ಅರ್ ತ್ಸ, ಬಾಯ್ ಜಿ, ಬೋ ಹ. ಈ ನಾಲ್ಕರ ಜೋಡಿ 1253ರಲ್ಲಿ ಯಾನ್ ಯೊಂಗ್‌ಹೆ ಎಂಬ ವೈದ್ಯರು ಬರೆದಿಟ್ಟದ್ದು, ಇವತ್ತಿಗೂ ಮೂಗಿನ ಔಷಧಗಳ ತಾಯಿಬೇರು ಅದೇ. ಬೋ ಹ ಅಂದರೆ ಪುದೀನದ ಜಾತಿಯ ಸೊಪ್ಪು. ಬಾಯ್ ಜಿ ಒಂದು ಪರಿಮಳದ ಬೇರು. ಶಿನ್ ಯಿ ಅನ್ನುವುದು ಮ್ಯಾಗ್ನೋಲಿಯಾ ಮರದ ಮೊಗ್ಗು. ಸಂಪಿಗೆಯ ಹತ್ತಿರದ ನೆಂಟ ಇದು. ಚಳಿಗಾಲದ ಕೊನೆಗೆ, ಹೂ ಅರಳುವ ಮುಂಚೆಯೇ ಕಿತ್ತು ಒಣಗಿಸುತ್ತಾರೆ. ಪೊಟ್ಟಣ ಬಿಚ್ಚಿ ಒಂದನ್ನು ಅಂಗೈ ಮೇಲೆ ಇಟ್ಟು ನೋಡಿ. ಬೆಳ್ಳಗಿನ ನವಿರು ರೋಮ ಹೊದ್ದ, ತುದಿ ಚೂಪಾದ ಮೊಗ್ಗು, ಥೇಟ್ ಬರೆಯುವ ಕುಂಚದ ಮೊನೆ. ಅದಕ್ಕೇ ಚೀನೀಯರು ಇದನ್ನು ಮರದ ಕುಂಚ ಅಂತಲೂ ಕರೆಯುತ್ತಾರೆ.

ಆ ರೋಮದ ಬಗ್ಗೆ ಒಂದು ಎಚ್ಚರಿಕೆ. ಶಿನ್ ಯಿಯನ್ನು ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿಯೇ ಕುದಿಸಬೇಕು. ನಿಮ್ಮ ಚೀಟಿಯಲ್ಲೂ ಆ ಹೆಸರಿನ ಪಕ್ಕ ಎರಡು ಅಕ್ಷರದಲ್ಲಿ ಹಾಗೆ ಬರೆದಿದೆ. ಗ್ವಾಂಗ್‌ಝೌನಲ್ಲಿ ನಾನು ಮೊದಲ ಸಲ ಕಷಾಯ ಮಾಡಿದಾಗ ಅದು ನನಗೆ ಓದಲು ಬರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಮಣ್ಣಿನ ಕುಡಿಕೆಗೆ ಸುರಿದೆ. ರೋಮಗಳು ಗಂಟಲಿಗೆ ಅಂಟಿ ರಾತ್ರಿಯಿಡೀ ಕೆಮ್ಮಿದೆ. ಬೆಳಿಗ್ಗೆ ವೈದ್ಯರಿಗೆ ಹೇಳಿದರೆ ಅವರು ಬೇಜಾರಾಗಿ, ನಿಮಗೆ ಬಾಯಲ್ಲೇ ಹೇಳಬೇಕಿತ್ತು ಅಂತ ಒಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಅರ್ಧ ಗಂಟೆ ನೆನೆಸಿ, ಕುದಿಸಿ, ಬೋ ಹ ಸೊಪ್ಪನ್ನು ಮಾತ್ರ ಕೊನೆಯ ಐದು ನಿಮಿಷಕ್ಕೆ ಹಾಕಬೇಕು. ಮೊದಲೇ ಹಾಕಿದರೆ ಅದರ ಎಣ್ಣೆಯಂಶ ಹಬೆಯಲ್ಲಿ ಹೋಗಿಬಿಡುತ್ತದೆ. ಎರಡನೇ ಸಲ ನೀರು ಹಾಕಿ ಕುದಿಸಿ, ಎರಡನ್ನೂ ಬೆರೆಸಿ, ದಿನಕ್ಕೆ ಎರಡು ಪಾಲು.

ಈಗ ನನಗೆ ಭಯ ಇರುವ ಹೆಸರು. ತ್ಸಾಂಗ್ ಅರ್ ತ್ಸ ಅಂದರೆ ಬಟ್ಟೆಗೆ, ದನಗಳ ಮೈಗೆ ಅಂಟಿಕೊಳ್ಳುವ ಕೊಕ್ಕೆಮುಳ್ಳಿನ ಸಣ್ಣ ಕಾಯಿ. ಹಸಿಯಾಗಿ ಅದು ವಿಷ. ಅದರಲ್ಲಿರುವ ಒಂದು ಪದಾರ್ಥ ಲಿವರ್‌ನ ಜೀವಕೋಶಗಳ ಶಕ್ತಿಯನ್ನೇ ಕಟ್ಟಿಹಾಕುತ್ತದೆ. ಹುರಿದು, ಮುಳ್ಳು ಉದುರಿಸಿದ ಮೇಲೆ ವಿಷ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಚೀನಾದ ಔಷಧಕೋಶ, ಅಂದರೆ ಔಷಧಗಳ ಬಳಕೆ, ಅಳತೆ ಹೇಳುವ ಅಧಿಕೃತ ಪುಸ್ತಕ, ದಿನಕ್ಕೆ 3ರಿಂದ 10 ಗ್ರಾಂ ಅಂತ ಮಿತಿ ಹಾಕಿದೆ. ನಿಮ್ಮ ಚೀಟಿಯಲ್ಲಿ 10 ಗ್ರಾಂ ಇದೆ. ಅಂದರೆ ಮಿತಿಯ ಅಂಚಿನಲ್ಲೇ ಇದ್ದೀರಿ. ಪೊಟ್ಟಣದೊಳಗಿನ ಕಾಯಿ ಕಂದು ಬಣ್ಣಕ್ಕೆ ತಿರುಗಿದೆಯಾ, ಮುಳ್ಳು ಉದುರಿದೆಯಾ ನೋಡಿ. ಹಸಿರು ಛಾಯೆಯ ಮುಳ್ಳುಕಾಯಿ ಕಂಡರೆ ಕುಡಿಯಬೇಡಿ, ವಾಪಸ್ ಕೊಡಿ.

ಇನ್ನೊಂದು ಶೀ ಶಿನ್. ಇದು ಅರಿಸ್ಟೊಲೋಕಿಯಾ ಕುಟುಂಬದ ಗಿಡ. ಆ ಕುಟುಂಬದ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಕೆಡಿಸುತ್ತದೆ, ಕ್ಯಾನ್ಸರ್ ಕೂಡ ತರುತ್ತದೆ. 1990ರ ದಶಕದ ಮೊದಲಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗಳಲ್ಲಿ ಒಂದು ಚೀನೀ ಬೇರಿನ ಬದಲು ಇದೇ ಕುಟುಂಬದ ಬೇರೊಂದು ಬೇರು ಸೇರಿಹೋಗಿ, ಸುಮಾರು ನೂರು ಹೆಂಗಸರ ಕಿಡ್ನಿ ಹಾಳಾಯಿತು. ಶೀ ಶಿನ್ ಗಿಡದಲ್ಲಿ ಆ ಆಮ್ಲ ಬೇರಿಗಿಂತ ಎಲೆ, ಕಾಂಡದಲ್ಲಿ ಜಾಸ್ತಿ. ಹಾಗಾಗಿ 2005ರ ಚೀನೀ ಔಷಧಕೋಶ ಬೇರನ್ನು ಮಾತ್ರ ಬಳಸಬೇಕು ಅಂತ ಬದಲಾಯಿಸಿತು. ಶೀ ಶಿನ್ ಒಂದು ಚಿಯೆನ್ ದಾಟಬಾರದು ಅನ್ನುವುದು ಅಲ್ಲಿನ ವೈದ್ಯರ ಬಾಯಲ್ಲಿ ತಲೆತಲಾಂತರದಿಂದ ಬಂದ ಮಾತು. ಒಂದು ಚಿಯೆನ್ ಅಂದರೆ ಸುಮಾರು 3 ಗ್ರಾಂ. ನಿಮ್ಮ ಚೀಟಿಯಲ್ಲಿ 3 ಗ್ರಾಂ ಇದೆ, ಸರಿ. ಆದರೆ ತಿಂಗಳುಗಟ್ಟಲೆ ಕುಡಿಯುವ ಕಷಾಯದಲ್ಲಿ ಇದು ನನಗೆ ಬೇಡವೇ ಬೇಡ. ತೆಗೆದುಬಿಡಿ ಅಂತ ಕೇಳಿ. ಕೇಳಿದರೆ ಬದಲಾಯಿಸಿ ಕೊಡುತ್ತಾರೆ. ಚೀಟಿಯನ್ನು ರೋಗಿಗೆ ತಕ್ಕ ಹಾಗೆ ಕೂಡಿಸುವುದು, ಕಳೆಯುವುದು ಆ ವಿದ್ಯೆಯಲ್ಲಿ ಸಹಜ.

ಹಾಗಾದರೆ ಕುಡಿಯಲಾ ಬೇಡವಾ? ನೇರವಾಗಿ ಹೇಳುತ್ತೇನೆ. ಈ ಕಷಾಯ ಹಳೇ ಸೈನಸೈಟಿಸ್ ವಾಸಿ ಮಾಡುತ್ತದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಇಲ್ಲ. ಯುರೋಪಿನ ಮೂಗಿನ ತಜ್ಞರು 2020ರಲ್ಲಿ ಒಟ್ಟಾಗಿ ಹೊರಡಿಸಿದ ಮಾರ್ಗಸೂಚಿ ಚೀನೀ ವೈದ್ಯವನ್ನೂ ಅಕ್ಯುಪಂಕ್ಚರನ್ನೂ ಈ ಕಾಯಿಲೆಗೆ ಬೇಡ ಅಂತಲೇ ಹೇಳಿದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಎಂಡೋಸ್ಕೋಪಿ ಮಾಡಿಸಿಕೊಳ್ಳುತ್ತಿದ್ದೆ, ಪೊಟ್ಟಣವನ್ನು ಅಲ್ಲಿಯವರೆಗೆ ಕಪಾಟಿನಲ್ಲಿ ಇಡುತ್ತಿದ್ದೆ. ಆಮೇಲೂ ಕುಡಿಯಲೇಬೇಕು ಅನಿಸಿದರೆ, ಶುರು ಮಾಡುವ ಮುಂಚೆ ಒಮ್ಮೆ, ಎರಡು ವಾರಕ್ಕೆ ಒಮ್ಮೆ ಲಿವರ್ ಮತ್ತು ಕಿಡ್ನಿಯ ರಕ್ತಪರೀಕ್ಷೆ ಮಾಡಿಸಿ. ಬೇರೆ ಮಾತ್ರೆ ತಗೊಳ್ಳುತ್ತಿದ್ದರೆ ಇಬ್ಬರು ಡಾಕ್ಟರಿಗೂ ಎರಡೂ ಪಟ್ಟಿ ತೋರಿಸಿ. ಕಣ್ಣು ಹಳದಿಯಾದರೆ, ಮೂತ್ರ ಕಂದಾದರೆ, ಸುಮ್ಮಸುಮ್ಮನೆ ವಾಕರಿಕೆ ಬಂದರೆ ಅವತ್ತೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ನನಗೆ ಗುಣವಾಯಿತಾ ಅಂತ ನೀವು ಕೇಳಿಯೇ ಕೇಳುತ್ತೀರಿ. ಮೂರನೇ ವಾರಕ್ಕೆ ಮೂಗು ಹಗುರಾಯಿತು, ನಿಜ. ಆದರೆ ಅದೇ ಹೊತ್ತಿಗೆ ನಾನು ಬೆಳಿಗ್ಗೆ, ಸಂಜೆ ಉಪ್ಪುನೀರಿನಲ್ಲಿ ಮೂಗು ತೊಳೆಯುತ್ತಿದ್ದೆ. ಜೊತೆಗೆ ಗ್ವಾಂಗ್‌ಝೌನ ಹ್ವೇ ನಾನ್ ತಿಯೆನ್ ಮುಗಿದಿತ್ತು. ವಸಂತದ ಶುರುವಿನಲ್ಲಿ ದಕ್ಷಿಣದ ತೇವದ ಗಾಳಿ ತಿರುಗಿ ಬೀಸುವ ದಿನಗಳಿಗೆ ಅಲ್ಲಿ ಹಾಗಂತಾರೆ. ಗೋಡೆ ಬೆವರುತ್ತದೆ, ನೆಲದ ಮೇಲೆ ನೀರು ನಿಲ್ಲುತ್ತದೆ, ಕಪಾಟಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟು ಹೋಗಿದ್ದಕ್ಕೆ ಗುಣವಾಯಿತೋ, ತೊಳೆದಿದ್ದಕ್ಕೋ, ಕಷಾಯಕ್ಕೋ? ಮೂರೂ ಒಟ್ಟಿಗೆ ಇದ್ದಾಗ ಒಂದಕ್ಕೆ ಹಾರ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ನೀವು ಬಿಟ್ಟ ಸ್ಪ್ರೇ. ದಯವಿಟ್ಟು ಮತ್ತೆ ಶುರು ಮಾಡಿ. ಸ್ಟೀರಾಯ್ಡ್ ಸ್ಪ್ರೇಗೆ ಹತ್ತು ದಿನ ಏನೇನೂ ಸಾಲದು. ಕನಿಷ್ಠ ಎಂಟು ವಾರ ದಿನಾ ಬಿಡದೆ ಹಾಕಬೇಕು. ಹಾಕುವ ರೀತಿಯೂ ಮುಖ್ಯ. ಬಲಗೈಯಲ್ಲಿ ಹಿಡಿದು ಎಡ ಹೊಳ್ಳೆಗೆ, ಎಡಗೈಯಲ್ಲಿ ಹಿಡಿದು ಬಲ ಹೊಳ್ಳೆಗೆ. ಮೊನೆ ಕಣ್ಣಿನ ಹೊರತುದಿಯ ಕಡೆ ನೋಡುತ್ತಿರಬೇಕು, ಮೂಗಿನ ನಡುಗೋಡೆಗೆ ತಾಗಬಾರದು. ತಲೆ ಹಿಂದಕ್ಕೆ ಎತ್ತಬೇಡಿ, ಜೋರಾಗಿ ಎಳೆದುಕೊಳ್ಳಲೂ ಬೇಡಿ, ಔಷಧ ಸೀದಾ ಗಂಟಲಿಗೆ ಹೋಗುತ್ತದೆ. ಅದಕ್ಕೂ ಹತ್ತು ನಿಮಿಷ ಮುಂಚೆ ಮೂಗು ತೊಳೆಯಿರಿ. 240 ಮಿಲಿಲೀಟರ್ ನೀರಿಗೆ ಸುಮಾರು 2 ಗ್ರಾಂ ಅಯೋಡಿನ್ ಇಲ್ಲದ ಉಪ್ಪು. ನೀರು ಕುದಿಸಿ ಆರಿಸಿದ್ದೇ ಆಗಬೇಕು, ನಲ್ಲಿಯ ನೀರು ನೇರವಾಗಿ ಬೇಡ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿ ನೀರಿನಿಂದ ಮೂಗು ತೊಳೆದ ಇಬ್ಬರು ಮೆದುಳಿಗೆ ಅಮೀಬಾ ಏರಿ ತೀರಿಕೊಂಡರು. ಅಪರೂಪದ್ದೇ, ಆದರೆ ಐದು ನಿಮಿಷ ಕುದಿಸಿದರೆ ಆ ಭಯವೇ ಇರುವುದಿಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ ಯಾವ ಔಷಧಕ್ಕೂ ಬಗ್ಗದ ಮೂಗು. ಶೆನ್‌ಝೆನ್‌ನ ಔಷಧದಂಗಡಿಯಲ್ಲಿ ಬೀ ಯಾನ್ ಕಾಂಗ್ ಅನ್ನುವ ಮಾತ್ರೆ ತಂದರು. ಒಂದು ಗಂಟೆಯಲ್ಲಿ ಸೀನು ನಿಂತಿತು! ಗಿಡಮೂಲಿಕೆಯದ್ದು ಅಂತ ದಿನಾ ನುಂಗುತ್ತಿದ್ದಾರೆ. ಆದರೆ ಮಧ್ಯಾಹ್ನ ತೂಕಡಿಸುತ್ತಾರೆ. ಕಾರು ಓಡಿಸುವವರು, ನನಗೆ ಹೆದರಿಕೆ.

ಉತ್ತರ: ನಿಮ್ಮ ಹೆದರಿಕೆ ಸರಿಯಾಗಿದೆ ತಾಯಿ. ಆ ಮಾತ್ರೆಯಲ್ಲಿ ಗಿಡಮೂಲಿಕೆಗಳ ಜೊತೆ ಕ್ಲೋರ್‌ಫೆನಿರಮೈನ್ ಕೂಡ ಇದೆ. ಅದು ಅಲೋಪಥಿಯ ಹಳೇ ಅಲರ್ಜಿ ಮಾತ್ರೆ, ನಿದ್ದೆ ಬರಿಸುವಂಥದ್ದು. ಇದು ಕದ್ದು ಸೇರಿಸಿದ್ದಲ್ಲ. ಡಬ್ಬದ ಮೇಲೆ ಚೀನೀ ಭಾಷೆಯಲ್ಲಿ ಬರೆದೇ ಇದೆ. ಓದಲು ಬಾರದವರಿಗೆ ಗೊತ್ತಾಗುವುದಿಲ್ಲ, ಅಷ್ಟೆ. ಫೋನಿನ ಕ್ಯಾಮೆರಾದಲ್ಲಿ ಅನುವಾದ ಮಾಡಿಸಿ ನೋಡಿ. ಒಂದು ಗಂಟೆಯಲ್ಲಿ ಸೀನು ನಿಲ್ಲಿಸಿದ್ದರಲ್ಲಿ ಇದರದ್ದೇ ದೊಡ್ಡ ಪಾಲು ಇರಬೇಕು. ಮಾತ್ರೆ ನುಂಗಿದ ದಿನ ಅವರು ಕಾರು ಓಡಿಸಬಾರದು. ಬೇರೆ ಶೀತದ ಮಾತ್ರೆ ಜೊತೆಗೆ ತಗೊಂಡರೆ ಅದರಲ್ಲೂ ಇದೇ ಔಷಧ ಇದ್ದು ಎರಡು ಪಟ್ಟಾಗಬಹುದು. ಅದರಲ್ಲಿ ತ್ಸಾಂಗ್ ಅರ್ ತ್ಸ ಕಾಯಿಯೂ ಇದೆ, ಮಾ ಹುವಾಂಗ್ ಅನ್ನುವ ಗಿಡವೂ ಇದೆ. ಮಾ ಹುವಾಂಗ್‌ನಲ್ಲಿರುವುದು ಎಫೆಡ್ರಿನ್. 1885ರಲ್ಲಿ ಜಪಾನಿನ ನಾಗಾಯ್ ನಾಗಯೋಶಿ ಅದನ್ನು ಬೇರ್ಪಡಿಸಿದರು. ಮೂಗು ಬಿಡಿಸುವುದು ಖರೆ, ಅದರ ಜೊತೆಗೇ ಬಿ.ಪಿ. ಮತ್ತು ಎದೆಬಡಿತ ಏರಿಸುತ್ತದೆ. ಯಜಮಾನರಿಗೆ ಬಿ.ಪಿ., ಹೃದಯದ ತೊಂದರೆ ಅಥವಾ ಮೂತ್ರ ಕಟ್ಟುವ ತೊಂದರೆ ಇದ್ದರೆ ಇವತ್ತೇ ನಿಲ್ಲಿಸಲಿ.

ಮತ್ತೆ, ಸೀನು ಮಾತ್ರೆಗೆ ಇಷ್ಟು ಬೇಗ ಬಗ್ಗಿತು ಅಂದರೆ ಅವರದ್ದು ಸೈನಸ್‌ಗಿಂತ ಅಲರ್ಜಿಯೇ ಇರಬಹುದು. ನಿದ್ದೆ ತರಿಸದ ಅಲರ್ಜಿ ಮಾತ್ರೆಗಳು ಈಗ ಬೇಕಾದಷ್ಟಿವೆ. ಡಾಕ್ಟರನ್ನು ಕೇಳಿ ಬದಲಾಯಿಸಿಕೊಳ್ಳಲಿ.

ಪ್ರಶ್ನೆ: ನನಗೆ ತಿಂಗಳಿಗೆ ನಾಲ್ಕೈದು ಸಲ ಸೈನಸ್ ತಲೆನೋವು. ಹುಬ್ಬಿನ ಮೇಲೆ, ಕಣ್ಣಿನ ಹಿಂದೆ ಒತ್ತಿದ ಹಾಗೆ. ಬೆಳಕು ಸಹಿಸುವುದಿಲ್ಲ, ಒಂದು ಕಡೆ ಮಲಗಿಬಿಡಬೇಕು. ಚೆಂಗ್ಡುವಿನಲ್ಲಿ ಹತ್ತು ಸಲ ಅಕ್ಯುಪಂಕ್ಚರ್ ಮಾಡಿಸಿದೆ. ಈಗ ತಿಂಗಳಿಗೆ ಎರಡೇ ಸಲ. ಸೂಜಿಯಿಂದ ಸೈನಸ್ ಹೋಗುತ್ತದೆ ಅಂತ ಆಯಿತಲ್ವಾ?

ಉತ್ತರ: ನಿಮಗೆ ನೋವು ಕಡಿಮೆಯಾಗಿದ್ದು ನಿಜಕ್ಕೂ ಸಂತೋಷ. ಆದರೆ ಕಡಿಮೆಯಾಗಿದ್ದು ಸೈನಸ್ ನೋವು ಅಂತ ನನಗೆ ಅನಿಸುತ್ತಿಲ್ಲ. ಬೆಳಕು ಸಹಿಸದೆ, ಕೆಲಸ ಬಿಟ್ಟು ಮಲಗಿಸುವ, ಬಂದು ಹೋಗುವ ತಲೆನೋವು ಹೆಚ್ಚಾಗಿ ಮೈಗ್ರೇನ್. ತಮಗೆ ಸೈನಸ್ ತಲೆನೋವು ಅಂತ ನಂಬಿದ್ದ 2,991 ಜನರನ್ನು ಪರೀಕ್ಷಿಸಿದ ಅಧ್ಯಯನವೊಂದು 2004ರಲ್ಲಿ ಬಂತು. ಅವರಲ್ಲಿ ಶೇಕಡ 88 ಮಂದಿಯ ನೋವು ಮೈಗ್ರೇನ್ ಜಾತಿಯದ್ದಾಗಿತ್ತು. ಮೈಗ್ರೇನ್‌ನಲ್ಲೂ ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಅದಕ್ಕೇ ಜನ ಮೋಸ ಹೋಗುತ್ತಾರೆ. ಮೈಗ್ರೇನ್ ಪದೇ ಪದೇ ಬರುವುದನ್ನು ಕಡಿಮೆ ಮಾಡಲು ಅಕ್ಯುಪಂಕ್ಚರ್ ನೆರವಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ ಇದೆ. ಸೂಜಿ ನಿಮಗೆ ಕೆಲಸ ಮಾಡಿರುವುದೇ ನನ್ನ ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡುತ್ತಿದೆ. ನರರೋಗದ ಡಾಕ್ಟರನ್ನು ಒಮ್ಮೆ ನೋಡಿ. ಸಿ.ಟಿ.ಯಲ್ಲಿ ಸೈನಸ್ ಶುಭ್ರವಾಗಿದ್ದರೆ ಇನ್ನು ಮೇಲೆ ಆ್ಯಂಟಿಬಯೋಟಿಕ್ ಮುಟ್ಟಬೇಡಿ.

ಮೂಗಿನ ಅಲರ್ಜಿಗೂ ಸೂಜಿಯಿಂದ ತುಸು ಲಾಭ ಇದೆ. ಜರ್ಮನಿಯಲ್ಲಿ ಪರಾಗದ ಅಲರ್ಜಿ ಇದ್ದ 422 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೊಂಚ ಸುಧಾರಣೆ ಕಂಡಿತು, ದೊಡ್ಡದೇನಲ್ಲ. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ 2015ರ ಮಾರ್ಗಸೂಚಿ, ಔಷಧ ಬೇಡ ಅನ್ನುವ ಅಲರ್ಜಿ ರೋಗಿಗಳಿಗೆ ಅಕ್ಯುಪಂಕ್ಚರ್ ಒಂದು ಆಯ್ಕೆ ಅಂತ ಒಪ್ಪುತ್ತದೆ. ಅಲರ್ಜಿಗೆ ಸಿಕ್ಕ ಈ ಮಾತನ್ನು ಪಾಲಿಪ್‌ಗೂ ಕೀವಿಗೂ ಎಳೆದು ಹಾಕಬಾರದು. ಸೂಜಿ ಚುಚ್ಚಿದರೆ ಮುಚ್ಚಿದ ಬಾಯಿ ತೆರೆಯುವುದಿಲ್ಲ, ದುರ್ಮಾಂಸ ಕರಗುವುದಿಲ್ಲ.

ಪ್ರತಿ ಸಲ ಹೊಸ ಪೊಟ್ಟಣದ, ಬಳಸಿ ಬಿಸಾಡುವ ಸೂಜಿಯೇ ಇರಲಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ.

ಪ್ರಶ್ನೆ: ಮಗನಿಗೆ ಏಳು ವರ್ಷ. ವರ್ಷವಿಡೀ ಸೀನು, ಜೊತೆಗೆ ಸ್ವಲ್ಪ ಉಬ್ಬಸ. ಶಾಂಘೈನಲ್ಲಿ ಬೇಸಿಗೆಯ ಸೆಕೆಯ ದಿನಗಳಲ್ಲಿ ಬೆನ್ನಿಗೆ ಔಷಧದ ಪಟ್ಟಿ ಅಂಟಿಸುತ್ತಾರೆ, ಚಳಿಗಾಲಕ್ಕೆ ರೋಗ ಬರುವುದಿಲ್ಲ ಅಂತಾರೆ. ಹಾಕಿಸಲಾ?

ಉತ್ತರ: ಅದರ ಹೆಸರು ಸಾನ್ ಫು ಪಟ್ಟಿ. ಚೀನೀ ಪಂಚಾಂಗದ ಪ್ರಕಾರ ಜುಲೈ ನಡುವಿನಿಂದ ಆಗಸ್ಟ್‌ವರೆಗೆ ಬರುವ ಕಡುಸೆಕೆಯ ದಿನಗಳಲ್ಲಿ ಅಂಟಿಸುತ್ತಾರೆ. ಚಳಿಗಾಲದ ರೋಗಕ್ಕೆ ಬೇಸಿಗೆಯಲ್ಲೇ ಮದ್ದು ಅಂತ ಅವರ ಗಾದೆ. ಆ ದಿನ ಆಸ್ಪತ್ರೆ ಮುಂದೆ ಮಕ್ಕಳನ್ನೆತ್ತಿಕೊಂಡ ಅಜ್ಜಿಯರ ಸಾಲು ನಾನೂ ಕಂಡಿದ್ದೇನೆ. ಪಟ್ಟಿಯಲ್ಲಿರುವುದು ಬಿಳಿ ಸಾಸಿವೆ, ಶೀ ಶಿನ್ ಮುಂತಾದವುಗಳ ಪುಡಿ, ಶುಂಠಿ ರಸದಲ್ಲಿ ಕಲಸಿದ್ದು. ಸಾಸಿವೆ ಚರ್ಮವನ್ನು ಸುಡುತ್ತದೆ. ಮಕ್ಕಳ ತೆಳು ಚರ್ಮದ ಮೇಲೆ ಬೊಬ್ಬೆ ಎದ್ದಿದ್ದನ್ನು ನೋಡಿದ್ದೇನೆ. ಬೊಬ್ಬೆ ಎದ್ದರೆ ಔಷಧ ಹಿಡಿಯಿತು ಅಂತ ಯಾರಾದರೂ ಅಂದರೆ ನಂಬಬೇಡಿ, ಅದು ಸುಟ್ಟ ಗಾಯ. ನನ್ನ ಮಗುವಾಗಿದ್ದರೆ ಹಾಕಿಸುತ್ತಿರಲಿಲ್ಲ. ಮುಖ್ಯವಾದದ್ದು ಉಬ್ಬಸದ ಇನ್‌ಹೇಲರ್. ಪಟ್ಟಿ ಹಾಕಿಸಿದಿರಿ ಅಂತ ಅದನ್ನು ಒಂದು ದಿನವೂ ನಿಲ್ಲಿಸಕೂಡದು.

ಪ್ರಶ್ನೆ: ಮೂಗಿನಲ್ಲಿ ಪಾಲಿಪ್ ಇದ್ದು ಎರಡು ವರ್ಷದಿಂದ ವಾಸನೆಯೇ ಗೊತ್ತಾಗುತ್ತಿಲ್ಲ. ಮೊಮ್ಮಗುವಿನ ತಲೆ ಮೂಸಿದರೂ ಏನೂ ಬರುವುದಿಲ್ಲ. ಮೂಗಿನ ಪಕ್ಕ ಸುಗಂಧ ಬರಮಾಡಿಕೊಳ್ಳುವ ಜಾಗ ಅಂತ ಒಂದಿದೆಯಂತೆ, ಅಲ್ಲಿ ಒತ್ತಿದರೆ ವಾಸನೆ ತಿರುಗಿ ಬರುತ್ತದೆ ಅಂತ ಕೇಳಿದೆ. ಹೌದಾ?

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ವಾಸನೆ ಹೋದವರ ದುಃಖ ಹೊರಗಿನವರಿಗೆ ಕಾಣುವುದಿಲ್ಲ.

ಆ ಜಾಗದ ಹೆಸರು ಯಿಂಗ್ ಶಿಯಾಂಗ್. ಮೂಗಿನ ಹೊಳ್ಳೆಯ ಪಕ್ಕ, ನಗುವಾಗ ಮಡಿಕೆ ಬೀಳುತ್ತದಲ್ಲ, ಆ ಗೆರೆಯಲ್ಲಿ. ಸುಗಂಧಕ್ಕೆ ಸ್ವಾಗತ ಅಂತಲೇ ಅದರ ಅರ್ಥ. ತೋರುಬೆರಳಿನಿಂದ ಒಂದು ನಿಮಿಷ ಮೆಲ್ಲಗೆ ತಿಕ್ಕಿಕೊಳ್ಳಿ, ಕೆಟ್ಟದ್ದೇನೂ ಆಗುವುದಿಲ್ಲ. ಕೆಲವರಿಗೆ ಆ ಕ್ಷಣಕ್ಕೆ ಮೂಗು ಬಿಟ್ಟ ಹಾಗೆ ಅನಿಸುತ್ತದೆ. ಆದರೆ ನಿಮ್ಮ ವಾಸನೆ ಹೋಗಿರುವುದು ಪಾಲಿಪ್‌ನಿಂದ. ವಾಸನೆ ಹಿಡಿಯುವ ನರ ಇರುವುದು ಮೂಗಿನ ಚಾವಣಿಯಲ್ಲಿ. ಗಾಳಿ ಅಲ್ಲಿಗೆ ಮುಟ್ಟದಂತೆ ದುರ್ಮಾಂಸ ಅಡ್ಡ ನಿಂತಿದೆ, ಸುತ್ತಲ ಪೊರೆಯೂ ಊದಿದೆ. ಹೊರಗಿನಿಂದ ಎಷ್ಟು ಒತ್ತಿದರೂ ಅದು ಸರಿಯುವುದಿಲ್ಲ.

ನಿಮಗೆ ದಾರಿ ಇದೆ, ನಿರಾಶೆ ಬೇಡ. ಪಾಲಿಪ್‌ಗೆ ಸ್ಟೀರಾಯ್ಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ಪ್ರೇ ಅಥವಾ ಮೂಗು ತೊಳೆಯುವ ನೀರಿನಲ್ಲೇ ಬೆರೆಸುವ ಔಷಧದಿಂದ ಶುರು ಮಾಡುತ್ತಾರೆ. ಅದಕ್ಕೆ ಬಗ್ಗದಿದ್ದರೆ ಎಂಡೋಸ್ಕೋಪ್ ಮೂಲಕ ತೆಗೆಯುತ್ತಾರೆ, ಮುಖದ ಮೇಲೆ ಗಾಯ ಇರುವುದಿಲ್ಲ. ಪಾಲಿಪ್ ಮತ್ತೆ ಬೆಳೆಯುವ ಸ್ವಭಾವದ್ದು, ಹಾಗಾಗಿ ಆಪರೇಷನ್ ಆದ ಮೇಲೂ ಸ್ಪ್ರೇ ಬಿಡುವಂತಿಲ್ಲ. ಉಬ್ಬಸವೂ ಇದ್ದು, ಆಸ್ಪಿರಿನ್ ಅಥವಾ ನೋವಿನ ಮಾತ್ರೆ ನುಂಗಿದಾಗ ಉಸಿರು ಕಟ್ಟಿದ್ದುಂಟಾ? ಇದ್ದರೆ ಡಾಕ್ಟರಿಗೆ ಮರೆಯದೆ ಹೇಳಿ. ಈ ಮೂರೂ ಜೊತೆಯಾಗಿ ಬರುವ ಕಾಯಿಲೆ ಒಂದಿದೆ, ಅದರ ಚಿಕಿತ್ಸೆಯೇ ಬೇರೆ.

ದಾರಿ ತೆರೆದ ಮೇಲೆ ಮೂಗಿಗೆ ಮತ್ತೆ ಅಭ್ಯಾಸ ಮಾಡಿಸಬೇಕು. 2009ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ವೈದ್ಯರು ತೋರಿಸಿಕೊಟ್ಟ ಕ್ರಮ ಇದು. ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕರ ಎಣ್ಣೆಯನ್ನು ನಾಲ್ಕು ಸಣ್ಣ ಶೀಶೆಗಳಲ್ಲಿ ಇಟ್ಟುಕೊಳ್ಳಿ. ಬೆಳಿಗ್ಗೆ, ಸಂಜೆ ಒಂದೊಂದನ್ನೂ ಹತ್ತು ಹದಿನೈದು ಸೆಕೆಂಡ್ ಮೂಸಿ. ಮೂಸುವಾಗ ಆ ಹೂವು, ಆ ಹಣ್ಣು ಹೇಗಿರುತ್ತಿತ್ತು ಅಂತ ಮನಸ್ಸಿಗೆ ತಂದುಕೊಳ್ಳಿ. ಕನಿಷ್ಠ 12 ವಾರ ಬಿಡದೆ ಮಾಡಬೇಕು. ಮೊದಲ ವಾರಗಳಲ್ಲಿ ಏನೂ ಗೊತ್ತಾಗದಿದ್ದರೆ ಅಳಬೇಡಿ, ನನಗೂ ಗೊತ್ತಾಗುತ್ತಿರಲಿಲ್ಲ. ಆ ವರ್ಷ ಗ್ವಾಂಗ್‌ಝೌನಲ್ಲಿ ನನ್ನ ವಾಸನೆಯೂ ಹೋಗಿತ್ತು. ನನಗೆ ಮೊದಲು ತಿರುಗಿ ಬಂದದ್ದು ಲವಂಗ. ನಿಮಗೆ ಯಾವುದು ಮೊದಲು ಬಂತು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.